ದಿನಾ ಬೀಳುವ ಹುಡುಗಿ

"ಅಯ್ಯೋ, ಬಿದ್ದೇಬಿಟ್ಟಳಲ್ಲ!" ಎಂಬ ಮಾತು ನನ್ನ ಬಾಯಿಂದ ಹೊರಟೇಹೋಯಿತು. ಪಕ್ಕದಲ್ಲಿ ಕೂತಿದ್ದ ತಂಗಿಯ ಮಗಳು ನನ್ನ ಕಿವಿಗೆ ಬಾಗಿ, "ಅವಳು ದಿನಾ ಬೀಳ್ತಾಳೆ ದೊಡ್ಡಮ್ಮ, ಸುಮ್ಮನೆ ನೋಡು" ಎಂದಳು.

ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡದ ರಂಗಮಂದಿರ. ನಮ್ಮದು ನಾಲ್ಕನೇ ಬಾಲ್ಕನಿ. ಬಾವಿಕಟ್ಟೆಯಿಂದ ಬಗ್ಗಿ ನೋಡಿದಾಗ ತಳದಲ್ಲಿ ನೀರು ಮಿನುಗುವ ಹಾಗೆ ಕೆಳಗೆ ನೀಲಿ ಬೆಳಕಿನ ವೇದಿಕೆ. ಉಳಿದವರೆಲ್ಲ ಓಡಿಹೋದ ಮೇಲೆ, ತಿಳಿನೀಲಿ ಉಡುಗೆಯ ಒಬ್ಬಳು ಅದರ ನಡುವೆ ಕುಸಿದು ಬಿದ್ದಿದ್ದಳು. ವಾದ್ಯಗಳು ನಿಲ್ಲಲಿಲ್ಲ. ಚೈಕೋವ್‌ಸ್ಕಿಯ ತಂತಿವಾದ್ಯಗಳ ಸಂಗೀತ ಕುಣಿಯುವ ಗತಿಯನ್ನು ಬಿಟ್ಟು ನಿಧಾನವಾಗಿ ಶೋಕದ ಕಡೆಗೆ ಹೊರಳಿತು. ಆಗ ಗೊತ್ತಾಯಿತು, ಬಿದ್ದದ್ದು ತಪ್ಪಲ್ಲ, ಅದೇ ಮುಂದಿನ ಭಾಗದ ಮೊದಲ ಹೆಜ್ಜೆ.

ಆ ಸಂಜೆ ಮೂರು ಕಿರು ಬ್ಯಾಲೆಗಳಿದ್ದವು: 'ಸೆರನೇಡ್', 'ಆಗಾನ್', 'ಸಿಂಫನಿ ಇನ್ ಸಿ'. ಒಂದೊಂದೂ ಸುಮಾರು ಅರ್ಧ ಗಂಟೆಯದು, ನಡುನಡುವೆ ವಿರಾಮ. ಮೂರನ್ನೂ ಸಂಯೋಜಿಸಿದವರು ಜಾರ್ಜ್ ಬಾಲಂಚೀನ್. ಮೂರರಲ್ಲೂ ಕಥೆ ಇಲ್ಲ.

ಕಥೆಯಿಲ್ಲದ ಬ್ಯಾಲೆ ಎಂಬ ಮಾತೇ ನನಗೆ ಹೊಸದು. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ಬ್ಯಾಲೆ ಅಂದರೆ ನೃತ್ಯರೂಪಕ. ಮೋಹಿನಿ ಬರುತ್ತಾಳೆ, ಭಸ್ಮಾಸುರ ತಲೆಯ ಮೇಲೆ ಕೈಯಿಟ್ಟುಕೊಳ್ಳುತ್ತಾನೆ, ಪರದೆ ಬೀಳುತ್ತದೆ. ಶಿವರಾಮ ಕಾರಂತರು ರಾತ್ರಿಯಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿ, ಮಾತಿನ ಬದಲು ಕುಣಿತಕ್ಕೂ ಹಾಡಿಗೂ ಒತ್ತು ಕೊಟ್ಟು ಕಟ್ಟಿದ್ದನ್ನು ಯಕ್ಷಗಾನ ಬ್ಯಾಲೆ ಎಂದೇ ಕರೆದರು; ಅಲ್ಲೂ ಪ್ರಸಂಗ ಇದ್ದೇ ಇತ್ತು. ನಾನು ಆರು ವರ್ಷ ಭರತನಾಟ್ಯ ಕಲಿತೆ. ಟೀಚರ್ ತಟ್ಟುಕೋಲು ಹಿಡಿದು "ತೈಯಾ ತೈ" ಎನ್ನುತ್ತಿದ್ದಾಗ ನಮ್ಮ ಮನಸ್ಸೆಲ್ಲ ಪದಗಳ ಮೇಲೆ, ವರ್ಣದ ಸಂಚಾರಿಯ ಮೇಲೆ. ಯಶೋದೆಯಾಗಬೇಕಾದರೆ ಮೊದಲು ತಟ್ಟಡವು, ನಾಟ್ಟಡವು ಹಾಕಲೇಬೇಕು ಎಂದು ಅಡವುಗಳನ್ನು ಸಹಿಸಿಕೊಂಡೆವು. ಅಲರಿಪುವಿಗೆ ಕಥೆ ಎಲ್ಲಿದೆ, ಜತಿಸ್ವರಕ್ಕೆ ಎಲ್ಲಿದೆ, ತಿಲ್ಲಾನದ ಬಹುಭಾಗಕ್ಕೆ ಎಲ್ಲಿದೆ ಎಂದು ಆಗ ಕೇಳಿಕೊಳ್ಳಲೇ ಇಲ್ಲ. ಆ ಪ್ರಶ್ನೆ ಕೇಳಿಕೊಳ್ಳಲು ಇಷ್ಟು ದೂರ ಬರಬೇಕಾಯಿತು.

'ಸೆರನೇಡ್'ನಲ್ಲಿ ಬಿದ್ದ ಹುಡುಗಿಯ ಹಿನ್ನೆಲೆ 1934ರದು. ಬಾಲಂಚೀನ್ ಹುಟ್ಟಿದ್ದು 1904ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ಜಾರ್ಜಿಯಾದ ಸಂಗೀತ ರಚನಕಾರರು. ಹುಡುಗ ಸಾಮ್ರಾಟರ ಬ್ಯಾಲೆ ಶಾಲೆಯಲ್ಲಿ ಕುಣಿತ ಕಲಿತ, ಸಂಗೀತಶಾಲೆಯಲ್ಲಿ ಪಿಯಾನೋ ಕಲಿತ. ಕ್ರಾಂತಿಯ ನಂತರದ ಹಸಿವನ್ನು ಕಂಡು, 1924ರಲ್ಲಿ ಸಣ್ಣದೊಂದು ತಂಡದೊಡನೆ ಜರ್ಮನಿಗೆ ಹೋದವರು ಹಿಂದಿರುಗಲಿಲ್ಲ. ಲಿಂಕನ್ ಕರ್ಸ್ಟೀನ್ ಎಂಬ ತರುಣ ಅವರನ್ನು ಅಮೆರಿಕಕ್ಕೆ ಕರೆದಾಗ, ತಂಡ ಆಮೇಲೆ, ಮೊದಲು ಶಾಲೆ ಬೇಕು ಎಂದರಂತೆ. 1934ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಶಾಲೆ ತೆರೆಯಿತು. ಕೆಲವೇ ವಾರಗಳಲ್ಲಿ, ವೇದಿಕೆಯ ಮೇಲೆ ಕುಣಿಯುವುದು ತರಗತಿಯಲ್ಲಿ ಕುಣಿದ ಹಾಗಲ್ಲ ಎಂದು ಮಕ್ಕಳಿಗೆ ತೋರಿಸಿಕೊಡಲು ಅವರು 'ಸೆರನೇಡ್' ಶುರುಮಾಡಿದರು.

ಮೊದಲ ದಿನ ಬಂದವರು ಹದಿನೇಳು ಹುಡುಗಿಯರು. ಹದಿನೇಳು, ಜೋಡಿ ಮಾಡಲು ಬಾರದ ಸಂಖ್ಯೆ. ಬಂದಷ್ಟು ಜನರನ್ನೇ ನಿಲ್ಲಿಸಿದರು. ಇನ್ನೊಂದು ದಿನ ಒಂಬತ್ತೇ ಜನ, ಮತ್ತೊಂದು ದಿನ ಆರೇ ಜನ. ಅಂದಿನ ಭಾಗಕ್ಕೆ ಅಷ್ಟೇ ಸಾಕೆಂದರು. ಗಂಡುಹುಡುಗರು ಬಂದ ದಿನ ಅವರಿಗೂ ಜಾಗವಾಯಿತು. ಒಬ್ಬಳು ತಡವಾಗಿ ಬಂದಳು. ಒಬ್ಬಳು ಬಿದ್ದು ಅತ್ತಳು. ತಡವಾದದ್ದನ್ನೂ ಬಿದ್ದದ್ದನ್ನೂ ಬ್ಯಾಲೆಗೇ ಸೇರಿಸಿಕೊಂಡರು. ಆ ವರ್ಷ ಜೂನ್ 10ರಂದು ನ್ಯೂಯಾರ್ಕ್ ಬಳಿಯ ವೈಟ್ ಪ್ಲೇನ್ಸ್‌ನಲ್ಲಿ, ಶ್ರೀಮಂತರೊಬ್ಬರ ತೋಟದ ಬಯಲಿನಲ್ಲಿ ವಿದ್ಯಾರ್ಥಿಗಳು ಅದನ್ನು ಕುಣಿದರು. ಹಿಂದಿನ ದಿನವೇ ಆಗಬೇಕಿದ್ದದ್ದು ಮಳೆ ಬಂದು ನಿಂತಿತ್ತು.

ಇದನ್ನೆಲ್ಲ ತಿಳಿದುಕೊಂಡು ನೋಡಿದರೆ ಆರಂಭ ಇನ್ನಷ್ಟು ಆಪ್ತವಾಗುತ್ತದೆ. ಪರದೆ ಏಳುವಾಗ ಹದಿನೇಳು ಜನ ಅಲುಗಾಡದೆ ನಿಂತಿದ್ದಾರೆ. ಕಣ್ಣಿಗೆ ಬೀಳುವ ಬಿಸಿಲನ್ನು ತಡೆಯುವವರ ಹಾಗೆ ಎಲ್ಲರ ಬಲಗೈಯೂ ಮೇಲಕ್ಕೆ ಚಾಚಿದೆ. ಮಣಿಕಟ್ಟು ಬಾಗುತ್ತದೆ, ಕೈ ಹಣೆಯ ಬಳಿಗೆ ಬರುತ್ತದೆ, ಎದೆಗಿಳಿಯುತ್ತದೆ. ಅಲ್ಲಿಯವರೆಗೆ ನಮ್ಮ ನಿಮ್ಮ ಹಾಗೆ ನೇರವಾಗಿ ನಿಂತಿದ್ದ ಪಾದಗಳು ಆಮೇಲೆ ಒಮ್ಮೆಗೇ ಹೊರಕ್ಕೆ ತಿರುಗಿ ತೆರೆದುಕೊಳ್ಳುತ್ತವೆ, ಮೂವತ್ತನಾಲ್ಕು ಪಾದಗಳೂ ಒಟ್ಟಿಗೆ. ಅದು ಬ್ಯಾಲೆಯ ಮೊದಲ ನಿಲುವು, ಮಗುವಿಗೆ ಮೊದಲ ದಿನ ಹೇಳಿಕೊಡುವ ಪಾಠ. ಪಾದ ತೆರೆಯುವ ಮೊದಲು ಅವರು ಸುಮ್ಮನೆ ನಿಂತ ಹೆಣ್ಣುಮಕ್ಕಳು, ತೆರೆದ ಮೇಲೆ ನರ್ತಕಿಯರು. ಸ್ಲೇಟಿನ ಮೇಲೆ ಬರೆದ ಮೊದಲ ಅಕ್ಷರ ನೋಡಿದ ಹಾಗಾಗಿ ನನ್ನ ಕಣ್ಣು ತುಂಬಿತು.

ನಾಲ್ಕನೇ ಬಾಲ್ಕನಿಯಿಂದ ಯಾರ ಮುಖವೂ ಕಾಣುವುದಿಲ್ಲ. ಅಭಿನಯ ನೋಡಲು ಮೊದಲ ಸಾಲಿಗೆ ಹೋಗಿ ಕೂರುವ ಅಭ್ಯಾಸದವಳಾದ ನನಗೆ ಮೊದಲ ನಿಮಿಷಗಳಲ್ಲಿ ಕಸಿವಿಸಿಯಾಯಿತು. ಆಮೇಲೆ ಮುಖ ಬೇಕೆನಿಸಲೇ ಇಲ್ಲ. ಮೇಲಿಂದ ನೋಡುವವರಿಗೆ ವೇದಿಕೆಯ ನೆಲ ಅಂಗಳವಾಗುತ್ತದೆ, ನರ್ತಕಿಯರು ಚುಕ್ಕಿಗಳಾಗುತ್ತಾರೆ. ಚುಕ್ಕಿ ಇಡುವುದು, ಎಳೆ ಎಳೆಯುವುದು, ಅಳಿಸಿ ಮತ್ತೆ ಇಡುವುದು ಕಣ್ಣೆದುರೇ ನಡೆಯುತ್ತದೆ. ಚುಕ್ಕಿಗಳ ನಡುವೆ ಬಿಟ್ಟ ಜಾಗ ಇಷ್ಟು ಮಾತಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಮೊದಲ ಭಾಗದ ಕೊನೆಗೆ ಎಲ್ಲರೂ ಮತ್ತೆ ಆರಂಭದ ನಿಲುವಿಗೆ, ಕೈ ಚಾಚಿ ನಿಲ್ಲುತ್ತಾರೆ. ಆಗ ಆ ತಡವಾದವಳು ಬರುತ್ತಾಳೆ. ಸಾಲುಗಳ ನಡುವೆ ತನ್ನ ಜಾಗ ಹುಡುಕುತ್ತಾಳೆ, ನಿಲ್ಲುತ್ತಾಳೆ, ಕೈಯೆತ್ತುತ್ತಾಳೆ. ಅವಳು ಕೈಯೆತ್ತಿದ ಹೊತ್ತಿಗೆ ಉಳಿದವರು ಹೊರಟು ಹೋಗುತ್ತಿರುತ್ತಾರೆ. ಅವಳ ಹಿಂದಿನಿಂದ ಒಬ್ಬ ಗಂಡಸು ನಡೆದು ಬಂದು ಭುಜ ಮುಟ್ಟುತ್ತಾನೆ. ಅವಳು ಯಾರು, ಅವನು ಯಾರು, ಯಾರೂ ಹೇಳುವುದಿಲ್ಲ. ಹೇಳಿದ್ದರೆ ಅದು ಅವರಿಬ್ಬರ ಕಥೆ ಮಾತ್ರ ಆಗಿಬಿಡುತ್ತಿತ್ತು. ಮದುವೆಯ ಮನೆಗೆ ತಡವಾಗಿ ಹೋದದ್ದು, ಆಸ್ಪತ್ರೆಗೆ ತಡವಾಗಿ ತಲುಪಿದ್ದು, ನನ್ನವೇ ಎರಡು ದಿನಗಳು ಆ ಖಾಲಿಯಾಗುತ್ತಿದ್ದ ವೇದಿಕೆಗೆ ಬಂದು ನಿಂತವು.

ಚೈಕೋವ್‌ಸ್ಕಿ ತಮ್ಮ ಕೃತಿಯನ್ನು ಮುಗಿಸಿದ್ದು ಉಲ್ಲಾಸದ ರಷ್ಯನ್ ಧಾಟಿಯಲ್ಲಿ. ಬಾಲಂಚೀನ್ ಅದನ್ನು ಮುಂದಕ್ಕೆ ತಂದು, ಶೋಕದ ಭಾಗವನ್ನು ಕೊನೆಗಿಟ್ಟರು. ಬಿದ್ದವಳ ಬಳಿಗೆ ಒಬ್ಬ ಬರುತ್ತಾನೆ. ಅವನ ಬೆನ್ನಿಗಂಟಿ ನಡೆಯುವ ಇನ್ನೊಬ್ಬಳು ಅವನ ಕಣ್ಣಿಗೆ ಅಂಗೈ ಮುಚ್ಚಿರುತ್ತಾಳೆ. ಕಡೆಯಲ್ಲಿ ಬಿದ್ದವಳನ್ನು ಗಂಡಸರು ನಿಂತ ನಿಲುವಿನಲ್ಲೇ ಮೇಲೆತ್ತಿ ಬೆಳಕಿನ ಕಡೆಗೆ ಹೊತ್ತೊಯ್ಯುತ್ತಾರೆ. ಅವಳ ಬೆನ್ನು ಹಿಂದಕ್ಕೆ ಬಾಗುತ್ತದೆ, ಕೈಗಳು ತೆರೆದುಕೊಳ್ಳುತ್ತವೆ. ಪರದೆ ಇಳಿದ ಮೇಲೂ ಸ್ವಲ್ಪ ಹೊತ್ತು ನಾನು ಚಪ್ಪಾಳೆ ತಟ್ಟಲಿಲ್ಲ.

ವಿರಾಮದಲ್ಲಿ ತಂಗಿಯ ಮಗಳು, ನರ್ತಕಿಯರು ಬೆರಳ ತುದಿಯ ಮೇಲೆ ನಿಲ್ಲಲು ಹಾಕುವ ಬೂಟಿನ ವಿಷಯ ಹೇಳಿದಳು. ಅವಳಿಗೆ ಹನ್ನೊಂದು. ಮನೆಯ ಹತ್ತಿರದ ಶಾಲೆಯಲ್ಲಿ ಬ್ಯಾಲೆ ಕಲಿಯುತ್ತಾಳೆ. ಹಾಗೆ ನಿಲ್ಲಲು ಅವಳಿಗೆ ಇನ್ನೂ ಬಿಟ್ಟಿಲ್ಲ, ಮೂಳೆ ಗಟ್ಟಿಯಾಗಬೇಕು ಎನ್ನುತ್ತಾರಂತೆ. ಬೂಟಿನ ಮೂತಿಯೊಳಗೆ ಇರುವುದು ಮರವಲ್ಲ, ಕಬ್ಬಿಣವಲ್ಲ. ಬಟ್ಟೆ, ಕಾಗದ, ಅಂಟು, ಪದರದ ಮೇಲೆ ಪದರ. ಹೊಸದು ಸದ್ದು ಮಾಡುತ್ತದೆಂದು ನರ್ತಕಿಯರು ಅದನ್ನು ಗೋಡೆಗೆ, ನೆಲಕ್ಕೆ ಬಡಿದು ಹದಮಾಡುತ್ತಾರೆ. ಕೆಲವೊಮ್ಮೆ ಒಂದೇ ಪ್ರದರ್ಶನಕ್ಕೆ ಒಂದು ಜೋಡಿ ಸವೆಯುತ್ತದೆ. ಹಾಗೆ ಬಡಿದರೂ ಸದ್ದು ಪೂರ್ತಿ ಹೋಗುವುದಿಲ್ಲ. ಹದಿನೇಳು ಜನ ಒಟ್ಟಿಗೆ ಓಡಿದಾಗ ಮೊರದಲ್ಲಿ ಅಕ್ಕಿ ಆಡಿಸಿದಂಥ ಸಣ್ಣ ಸದ್ದು ನಮ್ಮ ತನಕ ಬಂದಿತ್ತು. ನಮ್ಮಲ್ಲಿ ಹೆಜ್ಜೆಯ ಸದ್ದೇ ಲಯ; ಗೆಜ್ಜೆ ಕಟ್ಟಿ ಅದನ್ನು ಹೆಚ್ಚಿಸುತ್ತೇವೆ. ಇಲ್ಲಿ ಅಡಗಿಸಲು ನೋಡಿದರೂ ಅಡಗದ ಆ ಸದ್ದು ನನಗೆ ಆ ಸಂಜೆಯ ಅತ್ಯಂತ ಮಾನವೀಯ ಸಂಗತಿ ಅನ್ನಿಸಿತು.

ಒಂದೇ ಸಂಜೆ ಮೂರು ಬೇರೆ ಬೇರೆ ಬ್ಯಾಲೆ ನೋಡುವ ಪದ್ಧತಿಗೂ ಅದರದೇ ಚರಿತ್ರೆಯಿದೆ. ಹತ್ತೊಂಬತ್ತನೇ ಶತಮಾನದ ರಷ್ಯಾದಲ್ಲಿ ಪೆತಿಪಾ ಕಟ್ಟಿದ ಬ್ಯಾಲೆಗಳು ಇಡೀ ಸಂಜೆಯವು. 1890ರ 'ಸ್ಲೀಪಿಂಗ್ ಬ್ಯೂಟಿ'ಯಲ್ಲಿ ರಾಜಕುಮಾರಿ ನೂರು ವರ್ಷ ಮಲಗಿ ಏಳುವುದರೊಳಗೆ ಹಲವು ಅಂಕಗಳು ಮುಗಿಯುತ್ತವೆ. ಆಮೇಲಿನ ಸಂಯೋಜಕ ಫೋಕಿನ್ ಒಂದೇ ಅಂಕದಲ್ಲಿ ಹೇಳಿ ಮುಗಿಸುವುದನ್ನು ಬೆಳೆಸಿದರು. ತಂಡ ಕಟ್ಟಿ ನಡೆಸುತ್ತಿದ್ದ ದಿಯಾಗಿಲೆವ್ 1909ರಲ್ಲಿ ಅಂಥವನ್ನು ಪ್ಯಾರಿಸ್ಸಿಗೆ ಒಯ್ದರು. ಒಂದೇ ರಾತ್ರಿ ಮೂವರು ಸಂಗೀತಗಾರರು, ಮೂವರು ಚಿತ್ರಕಾರರು, ಮೂರು ಲೋಕ. 'ಫೈರ್‌ಬರ್ಡ್', 'ಪೆತ್ರೂಷ್ಕ' ಹುಟ್ಟಿದ್ದು ಹೀಗೆ. ಬಾಲಂಚೀನ್ ಬಂದದ್ದು ಆ ಪಾಳೆಯದಿಂದಲೇ; 1929ರಲ್ಲಿ ದಿಯಾಗಿಲೆವ್ ತೀರಿಕೊಳ್ಳುವವರೆಗೂ ಅವರ ತಂಡಕ್ಕೆ ಬ್ಯಾಲೆ ಕಟ್ಟಿಕೊಟ್ಟರು. ನ್ಯೂಯಾರ್ಕ್ ಸಿಟಿ ಬ್ಯಾಲೆ ತನ್ನ ಹೆಸರಿನಲ್ಲಿ ಮೊದಲ ಸಲ ಪರದೆ ಎತ್ತಿದ 1948ರ ಅಕ್ಟೋಬರ್ 11ರಂದೂ ಇದ್ದದ್ದು ಮೂರು ಕಿರು ಬ್ಯಾಲೆಗಳೇ.

'ಆಗಾನ್' ಅಂದರೆ ಗ್ರೀಕಿನಲ್ಲಿ ಸ್ಪರ್ಧೆ. ಹನ್ನೆರಡು ಜನ, ತಾಲೀಮಿಗೆ ಹಾಕುವಂಥ ಕಪ್ಪು ಬಿಳಿ ಉಡುಪು, ಹಿಂದೆ ಬರೀ ನೀಲಿ ಪರದೆ. ನಾಲ್ವರು ಗಂಡಸರು ನಮಗೆ ಬೆನ್ನು ಹಾಕಿ ನಿಂತಿರುವಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ತೊಡೆಯ ಮೇಲೆ ತಾಳ ಹಾಕಲು ನೋಡಿದೆ. ಆದಿತಾಳ, ರೂಪಕ, ಮಿಶ್ರಛಾಪು ಯಾವುದಕ್ಕೂ ಅದು ಸಿಗಲಿಲ್ಲ. ಒಂದು ಲೆಕ್ಕಕ್ಕೆ ಕೈ ಕೂಡುವಷ್ಟರಲ್ಲಿ ಇನ್ನೊಂದು ಲೆಕ್ಕ. ಮೊದಲ ಹತ್ತು ನಿಮಿಷ ನನಗೆ ಒಣಗಿದ್ದಾಗಿ ಕಂಡಿತು. ಹಲವು ಸಲ ನೋಡಿದವರಿಗೆ ಅದರ ಚುರುಕು ಹತ್ತುತ್ತದೇನೋ. ನಾನು ಮೊದಲ ಸಲ ನೋಡಿದವಳು.

ಆಮೇಲೆ ಇಬ್ಬರೇ ಉಳಿದರು, ಒಂದು ಗಂಡು, ಒಂದು ಹೆಣ್ಣು. ಅವಳು ಒಂಟಿಕಾಲಿನ ತುದಿಬೆರಳ ಮೇಲೆ ನಿಂತಿದ್ದಾಳೆ. ಅವನು ಅವಳ ಕೈ ಬಿಡದೆ ಹಾಗೇ ನೆಲಕ್ಕಿಳಿದು ಅಂಗಾತ ಮಲಗುತ್ತಾನೆ. ಆ ಒಂದು ಹಿಡಿತದ ಮೇಲೆ ಅವಳ ಇಡೀ ಮೈಯ ತೂಕ ತೂಗುತ್ತಿದೆ. ಆ ಕಷ್ಟವನ್ನು ಯಾರೂ ಮುಚ್ಚಿಡುವುದಿಲ್ಲ. ಪ್ರೇಮಿಗಳ ಕುಣಿತ ಎನ್ನಲು ಆಗದು, ಜಗಳ ಎನ್ನಲೂ ಆಗದು. ಇಬ್ಬರು ಒಂದು ಕಠಿಣ ಕೆಲಸವನ್ನು ಒಬ್ಬರನ್ನೊಬ್ಬರು ನಂಬಿ ಮಾಡುತ್ತಿದ್ದಾರೆ.

1957ರ ಡಿಸೆಂಬರ್ 1ರಂದು ಇದನ್ನು ಮೊದಲು ಕುಣಿದವರು ಡಯಾನಾ ಆಡಮ್ಸ್ ಮತ್ತು ಆರ್ಥರ್ ಮಿಚೆಲ್. ಆಕೆ ಬಿಳಿಯರು, ಮಿಚೆಲ್ ಕರಿಯರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ಮಕ್ಕಳು ಶಾಲೆಯ ಬಾಗಿಲು ದಾಟಲು ಸೈನ್ಯ ಬರಬೇಕಾಯಿತು. ಅಂಥ ದಿನಗಳಲ್ಲಿ ನ್ಯೂಯಾರ್ಕಿನ ವೇದಿಕೆಯಲ್ಲಿ ಆ ಕೈ ಈ ಕೈಯನ್ನು ಹಿಡಿಯಿತು. ಬಾಲಂಚೀನ್ ಅದಕ್ಕೆ ಭಾಷಣ ಬರೆಯಲಿಲ್ಲ, ಕಥೆ ಕಟ್ಟಲಿಲ್ಲ, ಹಿಡಿತವನ್ನೇ ಕಟ್ಟಿದರು. ಮಿಚೆಲ್ ಮುಂದೆ 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿ, ತಮ್ಮ ಕೇರಿಯ ಮಕ್ಕಳಿಗೆ ಬ್ಯಾಲೆ ಕಲಿಸಿದರು. ಆ ಸಂಜೆ ನಮ್ಮೆದುರು ಕುಣಿದ ಇಬ್ಬರು 1957ರಲ್ಲಿ ಹುಟ್ಟಿಯೂ ಇರಲಿಲ್ಲ. ಆದರೂ ಅವನು ನೆಲಕ್ಕಿಳಿಯುವಾಗ ಸುತ್ತಲಿನವರೆಲ್ಲ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಒಣಗಿದ್ದೆಂದುಕೊಂಡ ಆ ಹತ್ತು ನಿಮಿಷಗಳನ್ನು ಮತ್ತೊಮ್ಮೆ ನೋಡಬೇಕೆನಿಸಿತು.

ಎರಡನೇ ವಿರಾಮದಲ್ಲಿ ನಾವು ಏಳಲಿಲ್ಲ. ಹುಡುಗಿಗೆ ನಿದ್ದೆ ಬರುತ್ತಿತ್ತು. ನನ್ನ ಚೀಲವನ್ನು ಅವಳ ಕಾಲ ಬಳಿ ಇಟ್ಟು, ಶಾಲು ಹೊದಿಸಿದೆ.

'ಸಿಂಫನಿ ಇನ್ ಸಿ'ಯ ಸಂಗೀತ ಬಿಜೆಯದು. 1855ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಸಂಗೀತಶಾಲೆಯಲ್ಲಿ ಓದುತ್ತಿದ್ದಾಗ ಬರೆದದ್ದು. ಬದುಕಿದ್ದಷ್ಟು ದಿನ ಅದನ್ನು ಯಾರೂ ನುಡಿಸಲಿಲ್ಲ. ತಮ್ಮ 'ಕಾರ್ಮೆನ್' ಆಪೆರಾ ರಂಗಕ್ಕೆ ಬಂದ ಮೂರು ತಿಂಗಳಿಗೆ, 1875ರಲ್ಲಿ, ಮೂವತ್ತಾರರ ಬಿಜೆ ತೀರಿಕೊಂಡರು. ಹಸ್ತಪ್ರತಿ 1933ರಲ್ಲಿ ಅದೇ ಶಾಲೆಯ ಗ್ರಂಥಾಲಯದಲ್ಲಿ ಸಿಕ್ಕಿತು. 1935ರಲ್ಲಿ ಬಾಸೆಲ್ ನಗರದಲ್ಲಿ ಮೊದಲ ಬಾರಿ ಕೇಳಿಸಿತು. 1947ರಲ್ಲಿ ಪ್ಯಾರಿಸ್ ಆಪೆರಾಕ್ಕಾಗಿ ಬಾಲಂಚೀನ್ ಅದಕ್ಕೆ ಹೆಜ್ಜೆ ಕೂಡಿಸಿದರು. ಅಭ್ಯಾಸಕ್ಕೆಂದು ಹುಡುಗನೊಬ್ಬ ಬರೆದದ್ದು ಎಂಬತ್ತು ವರ್ಷ ಕಾದು ಈ ಬೆಳಕಿಗೆ ಬಂತು.

ನಾಲ್ಕು ಭಾಗ, ನಾಲ್ಕು ಪ್ರಧಾನ ಜೋಡಿ. ಹೆಂಗಸರು ಬಿಳಿ, ಗಂಡಸರು ಕಪ್ಪು. ಎರಡನೇ ಭಾಗ ನಿಧಾನದ್ದು. ಓಬೋ ಹಾಡುತ್ತಿರುವಾಗ ನರ್ತಕಿ ಒಂದು ಕಾಲನ್ನು ಹಿಂದಕ್ಕೆ ಆಕಾಶದತ್ತ ಎತ್ತಿ, ನಿಂತ ಕಾಲಿನ ಮಂಡಿಗೆ ಹಣೆ ತಾಗುವವರೆಗೂ ಬಾಗುತ್ತಾಳೆ. ಕೊನೆಯ ಭಾಗದಲ್ಲಿ ನಾಲ್ಕೂ ಗುಂಪುಗಳು ಒಂದೊಂದಾಗಿ ಹಿಂದಿರುಗಿ, ಐವತ್ತು ದಾಟಿದ ಜನ ವೇದಿಕೆ ತುಂಬಿದರು. ನಡುವೆ ಪ್ರಧಾನ ನರ್ತಕಿಯರು ಸುತ್ತುತ್ತಿದ್ದಾರೆ. ನನ್ನ ಕಣ್ಣು ಮಾತ್ರ ಅಂಚಿಗೆ ಹೋಯಿತು. ಅಂಚಿನುದ್ದಕ್ಕೂ ಸಾಲಾಗಿ ನಿಂತ ಬಿಳಿ ಉಡುಗೆಯವರು ದೊಡ್ಡದೇನನ್ನೂ ಮಾಡುತ್ತಿರಲಿಲ್ಲ. ಒಂದು ಪಾದವನ್ನು ನೆಲಕ್ಕೆ ಸವರಿಕೊಂಡೇ ಮುಂದೆ ಚಾಚುವುದು, ಒಳಗೆಳೆದುಕೊಳ್ಳುವುದು. ಚಾಚುವುದು, ಎಳೆದುಕೊಳ್ಳುವುದು. ಅಷ್ಟೇ.

"ದೊಡ್ಡಮ್ಮ, ಇದು ತಾಂಡ್ಯೂ! ನಾವು ಕ್ಲಾಸಲ್ಲಿ ದಿನಾ ಮಾಡೋದು!" ಹುಡುಗಿ ನಿದ್ದೆಯೆಲ್ಲ ಬಿಟ್ಟು ಮುಂದಕ್ಕೆ ಬಾಗಿದ್ದಳು. ನಮ್ಮ ತಟ್ಟಡವಿನ ಹಾಗೆ ಪ್ರತಿದಿನದ ಮೊದಲ ಪಾಠಗಳಲ್ಲೊಂದು ಅದು. ಕಂಬಿ ಹಿಡಿದು ನೂರಾರು ಸಲ ಮಾಡಿ ಬೇಸತ್ತಿದ್ದೇನೆಂದು ಹಿಂದಿನ ವಾರ ನನ್ನೆದುರು ದೂರಿದ್ದಳು. ಅದನ್ನೇ ಈ ದೀಪಗಳ ಕೆಳಗೆ, ಇಡೀ ವಾದ್ಯವೃಂದ ಮೊಳಗುವಾಗ, ಇಷ್ಟು ಜನ ಒಟ್ಟಿಗೆ ಮಾಡುತ್ತಿದ್ದರು. ನನ್ನ ಹಿಮ್ಮಡಿಯೂ ನೆಲ ತಟ್ಟತೊಡಗಿದ್ದು ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ.

ಕತ್ತಲಲ್ಲಿ ಏನೋ ನನ್ನ ಚೀಲಕ್ಕೆ ತಾಗುತ್ತಿತ್ತು. ಬಗ್ಗಿ ನೋಡಿದೆ. ಮುಂದಿನ ಆಸನದ ಕೆಳಗೆ ಅವಳ ಬಲಗಾಲು ಹೋಗಿ ಬರುತ್ತಿತ್ತು. ಚೀಲವನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.