ದೀಕ್ಷೆ ಬಯಸಿ ಬಂದವರಿಗೆ, ಅವರನ್ನು ಬರಮಾಡಿಕೊಳ್ಳಬೇಕಾದವರಿಗೆ

ಅನ್ಯಧರ್ಮದಲ್ಲಿ ಹುಟ್ಟಿ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ಇಷ್ಟಲಿಂಗ ದೀಕ್ಷೆಯನ್ನು ಬಯಸಿ ಶ್ರೀಮಠಕ್ಕೆ ಬರುವವರು ಆಗಾಗ ಇದ್ದಾರೆ. ಹುಟ್ಟಿನಿಂದ ಬಾರದವರಿಗೆ ಇದು ಸಲ್ಲುತ್ತದೆಯೇ ಎಂಬುದು ಅವರ ಮೊದಲ ಪ್ರಶ್ನೆ. ನಿಸ್ಸಂದೇಹವಾಗಿ ಸಲ್ಲುತ್ತದೆ. ಲಿಂಗವಂತಿಕೆ ಬರುವುದು ದೀಕ್ಷೆಯಿಂದಲೇ ಹೊರತು ಜನ್ಮದಿಂದಲ್ಲ ಎಂಬುದು ಬಸವಾದಿ ಶರಣರ ನಿಲುವು. ಲಿಂಗವಂತರ ಮನೆಯ ಮಗುವಿಗೂ ಲಿಂಗಧಾರಣೆ ಆಗಲೇಬೇಕು. ಸಮಗಾರ ಹರಳಯ್ಯನವರನ್ನೂ ಬ್ರಾಹ್ಮಣ ಮಧುವರಸರನ್ನೂ ಬೀಗರನ್ನಾಗಿಸಿದ್ದು ಈ ದೀಕ್ಷೆಯೇ.

ದೀಕ್ಷೆಯಲ್ಲಿ ಮೂರು ಅಂಗಗಳು. ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುವುದು ವೇಧಾದೀಕ್ಷೆ; ಕಿವಿಯಲ್ಲಿ ಷಡಕ್ಷರಿಯನ್ನು ಉಪದೇಶಿಸುವುದು ಮಂತ್ರದೀಕ್ಷೆ; ಅಂಗೈಗೆ ಇಷ್ಟಲಿಂಗವನ್ನು ಅನುಗ್ರಹಿಸುವುದು ಕ್ರಿಯಾದೀಕ್ಷೆ. ವಿಧಿ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಮರುದಿನದ ಬೆಳಗಿನಲ್ಲಿ, ಅದರ ಮರುದಿನದ ಬೆಳಗಿನಲ್ಲಿ. ಎಡಗೈಯಲ್ಲಿ ಲಿಂಗವನ್ನಿಟ್ಟು ನಿತ್ಯವೂ ಪೂಜಿಸಬೇಕು, ದುಡಿದು ಉಣ್ಣಬೇಕು, ಉಂಡದ್ದರಲ್ಲಿ ಹಂಚಬೇಕು. ಆದ್ದರಿಂದಲೇ ಬಂದವರಿಗೆ ಒಡನೆಯೇ ದಿನ ಗೊತ್ತುಮಾಡುವ ರೂಢಿ ನಮ್ಮಲ್ಲಿಲ್ಲ. ಕೆಲವು ತಿಂಗಳು ಪ್ರಾರ್ಥನೆಗೆ ಬನ್ನಿ, ವಚನಗಳನ್ನು ಓದಿ, ಹೆತ್ತವರೊಡನೆ ಮಾತನಾಡಿ ಎನ್ನುತ್ತೇವೆ. ಇದನ್ನು ನಿರಾಕರಣೆಯೆಂದು ತಿಳಿದು ನೊಂದವರೂ ಉಂಟು, ಅದು ಹಾಗಲ್ಲ.

ಇನ್ನು ಕಾನೂನಿನ ಮಾತು. ಲಿಂಗಾಯತವು ಸ್ವತಂತ್ರ ಧರ್ಮವೇ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 2ನೆಯ ಪ್ರಕರಣವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಮತಾಂತರಗೊಂಡು ಬಂದವರನ್ನೂ ಸೇರಿಸಿಕೊಂಡಿದೆ. ಹಿಂದೂ ಧರ್ಮಕ್ಕೆ ಬರಲು ಶುದ್ಧೀಕರಣದಂಥ ವಿಧಿ ಕಡ್ಡಾಯವಲ್ಲ, ಬರಿಯ ಘೋಷಣೆಯೂ ಸಾಲದು, ಪ್ರಾಮಾಣಿಕ ಉದ್ದೇಶವೂ ಅದಕ್ಕೆ ತಕ್ಕ ನಡೆಯೂ ಇದ್ದರೆ ಸಾಕು ಎಂದು ಪೆರುಮಾಳ್ ನಾಡಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ಹೇಳಿದೆ. ನಡೆಯೇ ಮುಖ್ಯವೆನ್ನುವ ಈ ಮಾತು ಶರಣರ ಮನಸ್ಸಿಗೂ ಹತ್ತಿರವಾದುದು. ಮದುವೆಗಾಗಿ ಮಾತ್ರ ದೀಕ್ಷೆ ಕೇಳುವ ತರುಣರಿಗೆ 1954ರ ವಿಶೇಷ ವಿವಾಹ ಕಾಯ್ದೆಯನ್ನು ನೆನಪಿಸುತ್ತೇವೆ. ಅದರಡಿ ಯಾರೂ ಧರ್ಮವನ್ನು ಬಿಡಬೇಕಾಗಿಲ್ಲ.

ಬರುವವರ ಮಾತು ಇಷ್ಟು. ಬರಮಾಡಿಕೊಳ್ಳುವ ನಮ್ಮ ಮಾತು ಇದಕ್ಕಿಂತ ಕಠಿಣ. ದೀಕ್ಷೆ ಪಡೆದು ವರ್ಷವೂ ತುಂಬದ ತಾಯಿಯೊಬ್ಬರು ದಾಸೋಹದ ಪಂಕ್ತಿಯಲ್ಲಿ ಕುಳಿತಿದ್ದಾಗ, ಅಕ್ಕಪಕ್ಕದವರು "ನಿಮ್ಮದು ಯಾವ ಒಳಪಂಗಡ ಅಕ್ಕಾರ?" ಎಂದು ಮೂರು ಬಾರಿ ಕೇಳಿದರಂತೆ. ಅವರು ಪ್ರಸಾದ ಮುಟ್ಟದೆ ಎದ್ದುಹೋದರು. ಅದೇ ಸಭಾಂಗಣದಲ್ಲಿದ್ದ ನಮಗೆ ಅದು ತಿಳಿದದ್ದು ವಾರದ ಬಳಿಕ. ಮರುಳಶಂಕರದೇವರು ದೂರದ ನಾಡಿನಿಂದ ಕಲ್ಯಾಣಕ್ಕೆ ಬಂದು, ಪ್ರಸಾದಕುಂಡದಲ್ಲಿ 12 ವರ್ಷ ಯಾರ ಗುರುತಿಗೂ ಬಾರದೆ ಇದ್ದರೆಂದು ಶೂನ್ಯಸಂಪಾದನೆ ತಿಳಿಸುತ್ತದೆ. ಅವರನ್ನು ಗುರುತಿಸಲು ಅಲ್ಲಮಪ್ರಭುಗಳೇ ಬರಬೇಕಾಯಿತು. ಆ ಕಥೆಯನ್ನು ಪ್ರವಚನದಲ್ಲಿ ಎಷ್ಟೋ ಸಲ ಕೇಳಿ ತಲೆದೂಗಿದವರು ನಾವು.

ಪಂಕ್ತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಬಾರದೆಂದು ಸೇವಾಕರ್ತರಿಗೆ ಸೂಚಿಸಲಾಗಿದೆ. ಆ ತಾಯಿಯ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆವು. ಎರಡು ತಿಂಗಳು ಅವರು ಮಠದ ಕಡೆ ಬರಲಿಲ್ಲ. ಈಗ ಸೋಮವಾರಗಳಂದು ದಾಸೋಹಕ್ಕೆ ರೊಟ್ಟಿ ಬಡಿಯಲು ಬರುತ್ತಾರೆ; ಪಂಕ್ತಿಯಲ್ಲಿ ಮಾತ್ರ ಇನ್ನೂ ಕುಳಿತಿಲ್ಲ.