ಮಾತಿನಾಚೆಯ ಮೌನ: ಝೆನ್ ಮತ್ತು ಲಕ್ಕುಂಡಿಯ ಮುಕ್ತಾಯಕ್ಕ

ಮೌನದ ವಿಷಯವಾಗಿ ಹದಿನೈದು ನಿಮಿಷ ಮಾತನಾಡುವುದರಲ್ಲಿಯೇ ಒಂದು ವಿನೋದವಿದೆ. ಆದರೆ ಈ ವಿನೋದ ಹೊಸದಲ್ಲ. ಮಾತಿಗೆ ಸಿಕ್ಕದುದನ್ನು ಮಾತಿನಿಂದಲೇ ತೋರಿಸಬೇಕಾದ ಇಕ್ಕಟ್ಟು ಚೀನ, ಜಪಾನುಗಳ ಝೆನ್ ಗುರುಗಳನ್ನು ಕಾಡಿತು. ನಮ್ಮ ಶರಣರನ್ನೂ ಕಾಡಿತು. ಆ ಇಕ್ಕಟ್ಟನ್ನು ಎಲ್ಲರಿಗಿಂತ ನಿಷ್ಠುರವಾಗಿ ಎತ್ತಿ ಕೇಳಿದವಳು ಗದಗಿನ ನೆರೆಯ ಲಕ್ಕುಂಡಿಯ ಒಬ್ಬ ಹೆಣ್ಣುಮಗಳು. ಅವಳ ಪ್ರಶ್ನೆಯತ್ತ ಹೋಗುವ ಮುನ್ನ ಝೆನ್ ಎಂದರೇನೆಂಬುದನ್ನು ಸ್ವಲ್ಪ ನೋಡೋಣ.

'ಝೆನ್' ಎಂಬ ಶಬ್ದ ಕಿವಿಗೆ ಪರದೇಶಿಯಾಗಿ ಕೇಳಿಸಿದರೂ ಅದರ ಬೇರು ನಮ್ಮದೇ. ಸಂಸ್ಕೃತದ 'ಧ್ಯಾನ' ಪಾಳಿಯಲ್ಲಿ 'ಝಾನ'ವಾಯಿತು. ಚೀನಕ್ಕೆ ಹೋಗಿ 'ಚಾನ್' ಆಯಿತು. ಅಲ್ಲಿಂದ ಕಡಲು ದಾಟಿ ಜಪಾನಿನಲ್ಲಿ 'ಝೆನ್' ಎನಿಸಿತು. ಈ ಮಾರ್ಗವನ್ನು ಚೀನಕ್ಕೆ ಒಯ್ದವನು ದಕ್ಷಿಣ ಭಾರತದ ಬೋಧಿಧರ್ಮನೆಂಬ ಭಿಕ್ಷುವೆಂದೂ, ಅವನು ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಕುಳಿತಿದ್ದನೆಂದೂ ಐತಿಹ್ಯವಿದೆ. ಮುಂದೆ ಹುಯಿನೆಂಗ್ (638-713) ಎಂಬ ಆರನೆಯ ಗುರುವಿನ ಹೆಸರಿನಲ್ಲಿ ಚಾನ್ ಮಾರ್ಗ ಚೀನದ ನೆಲದಲ್ಲಿ ಬೇರೂರಿತು. ಜಪಾನಿನಲ್ಲಿ ಅದರ ಎರಡು ಮುಖ್ಯ ಪಂಥಗಳನ್ನು ನೆಲೆಗೊಳಿಸಿದವರು ಐಸಾಯ್ (1141-1215) ಮತ್ತು ದೋಗೆನ್ (1200-1253). ಐಸಾಯ್ ಬಾಳಿದ ಹನ್ನೆರಡನೆಯ ಶತಮಾನವೇ ಕಲ್ಯಾಣದಲ್ಲಿ ಬಸವಣ್ಣ, ಅಲ್ಲಮರ ಶತಮಾನವೂ ಹೌದು. ಒಬ್ಬರ ಸುದ್ದಿ ಮತ್ತೊಬ್ಬರಿಗೆ ಇರಲಿಲ್ಲ. ಆದರೂ ಇಬ್ಬರ ಮುಂದೆಯೂ ಇದ್ದ ಮನಸ್ಸು ಒಂದೇ ಬಗೆಯದು.

ಬುದ್ಧನ ಹೆಸರು ನಮ್ಮ ಸೀಮೆಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಮುಂಡರಗಿ ತಾಲೂಕಿನ ಡಂಬಳದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ.ಶ. 1095ರ ಶಾಸನವೊಂದಿದೆ. ಧರ್ಮವೊಳಲೆಂದು ಹೆಸರಾಗಿದ್ದ ಆ ಊರಿನಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರವನ್ನೂ, ತಾರಾದೇವಿಯ ಆರಾಧನೆಯನ್ನೂ ಅದು ಹೇಳುತ್ತದೆ. ಶಿರಹಟ್ಟಿ, ಬೆಳ್ಳಟ್ಟಿಯ ಕಡೆಯವರಿಗೆ ಡಂಬಳ ನೆರೆಯ ತಾಲೂಕಿನ ಊರು. ಇದನ್ನು ಹಿಡಿದು ಶರಣರು ಬೌದ್ಧರಿಂದ ಕಲಿತರೆಂದು ಸಾಧಿಸಹೊರಡುವುದು ಸಲ್ಲದು. ತಾರೆಯ ಪೂಜೆ ಬೇರೆ, ಝೆನ್ ಬೇರೆ. ಕಲ್ಯಾಣದ ಚಳವಳಿಗೆ ಕೆಲವೇ ದಶಕಗಳ ಹಿಂದೆ ಈ ಬಯಲಿನಲ್ಲಿ ಬುದ್ಧನ ವಿಹಾರವೂ ಇತ್ತು ಎಂಬಷ್ಟನ್ನು ನೆನಪಿಟ್ಟರೆ ಸಾಕು.

ಇನ್ನು ಝೆನ್ ಸಾಧನೆ. ಅದರ ತಿರುಳು 'ಝಾಝೆನ್', ಎಂದರೆ ಕುಳಿತು ಮಾಡುವ ಧ್ಯಾನ. ಬೆನ್ನು ನೆಟ್ಟಗಿರಬೇಕು, ಕಣ್ಣು ಅರೆತೆರೆದು ಮುಂದಿನ ನೆಲದ ಮೇಲೆ ನೆಲೆಸಿರಬೇಕು. ಹೊಸಬನಿಗೆ ಉಸಿರೆಣಿಸುವ ಅಭ್ಯಾಸ. ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರಬೇಕು. ನಡುವೆ ಲೆಕ್ಕ ತಪ್ಪಿದರೆ ಬೇಸರಿಸದೆ ಮತ್ತೆ ಒಂದರಿಂದ ಆರಂಭಿಸಬೇಕು. ಕೇಳುವುದಕ್ಕೆ ಮಕ್ಕಳಾಟ, ಮಾಡಿ ನೋಡಿದವನಿಗೆ ಗೊತ್ತು, ನಾಲ್ಕು ಐದಕ್ಕೆ ಬರುವಷ್ಟರಲ್ಲಿ ಮನಸ್ಸು ಸಂತೆಗೋ ಕಚೇರಿಗೋ ಹೋಗಿರುತ್ತದೆ. ಹೋಯಿತೆಂದು ತಿಳಿಯುವ ಆ ಕ್ಷಣವೇ ಸಾಧನೆಯ ಜೀವಾಳ. ಮನಸ್ಸು ಅಲೆಯದಂತೆ ಕಟ್ಟಿಹಾಕುವುದಲ್ಲ, ಅಲೆದುದನ್ನು ಕಾಣುವುದು ಇಲ್ಲಿನ ಕೆಲಸ. ಕಟ್ಟಿಹಾಕಿದ ಹೋರಿ ಹಗ್ಗವನ್ನೇ ಜಗ್ಗುತ್ತಿರುತ್ತದೆ. ವಿಶಾಲವಾದ ಹುಲ್ಲುಗಾವಲಿಗೆ ಬಿಟ್ಟರೆ ತಾನಾಗಿಯೇ ಒಂದೆಡೆ ಮಲಗುತ್ತದೆ. ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಡುವ ಶಿವಯೋಗದ ಪರಿಚಯವುಳ್ಳವರಿಗೆ ಈ ಕುಳಿತುಕೊಳ್ಳುವಿಕೆ ಅಪರಿಚಿತವೆನಿಸಲಾರದು.

ಹೀಗೆ ತಿಳಿಯುವುದು ಸುಲಭ. ಕಷ್ಟವಿರುವುದು ದುಃಖ ಎದುರಾದಾಗ. ಆಗ ಮೌನವೆಂದರೇನು? ಈ ಪ್ರಶ್ನೆಯ ಎದುರು ನಿಂತವಳೇ ಮುಕ್ತಾಯಕ್ಕ.

ಪರಂಪರೆ ಹೇಳುವಂತೆ ಮುಕ್ತಾಯಕ್ಕ ಲಕ್ಕುಂಡಿಯವಳು. ಅಜಗಣ್ಣ ಅವಳ ಅಣ್ಣ, ಅವನೇ ಅವಳಿಗೆ ಗುರು. ಅಜಗಣ್ಣನದು ಗುಪ್ತಭಕ್ತಿ. ಲಿಂಗವನ್ನು ಬಾಯಲ್ಲಿಟ್ಟುಕೊಂಡು, ತನ್ನ ಸಾಧನೆಯ ಸುಳಿವು ಯಾರಿಗೂ ಹತ್ತದಂತೆ ಮೌನದಲ್ಲಿ ಬಾಳಿದವನೆಂದು ಅವನ ಖ್ಯಾತಿ. ಒಂದು ದಿನ ಬಾಗಿಲ ಮೇಲಿನ ತೊಲೆ ತಲೆಗೆ ಬಡಿದು ಅವನು ತೀರಿಕೊಂಡನಂತೆ. ಅಣ್ಣನನ್ನು ಕಳೆದುಕೊಂಡು ಗೋಳಿಡುತ್ತಿದ್ದ ಮುಕ್ತಾಯಕ್ಕನ ಬಳಿಗೆ ಅಲ್ಲಮಪ್ರಭು ಬರುತ್ತಾನೆ. ಅವರಿಬ್ಬರ ನಡುವಣ ಸಂವಾದ 'ಶೂನ್ಯಸಂಪಾದನೆ'ಯ ಅತ್ಯಂತ ತೀಕ್ಷ್ಣವಾದ ಭಾಗಗಳಲ್ಲೊಂದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಈ ಕೃತಿಯನ್ನು ಮುಂದೆ ಇತರ ಸಂಪಾದನಕಾರರೂ ಪರಿಷ್ಕರಿಸಿದರು. ಹೀಗಾಗಿ ಇದನ್ನು ಹನ್ನೆರಡನೆಯ ಶತಮಾನದ ವರದಿಯೆಂದಲ್ಲ, ವಚನಗಳನ್ನು ಹೆಣೆದು ಕಟ್ಟಿದ ಒಂದು ಜ್ಞಾನನಾಟಕವೆಂದು ಓದಬೇಕು.

ಅಲ್ಲಮ ಸಾಂತ್ವನ ಹೇಳಲು ಬಂದವನಲ್ಲ. ಅರಿತವನಿಗೆ ಸಾವೆಲ್ಲಿ, ನೀನು ಅಳುತ್ತಿರುವುದು ಯಾರಿಗಾಗಿ ಎಂಬ ಧಾಟಿಯಲ್ಲಿ ಅವನು ಕೆಣಕುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣೊರೆಸಿಕೊಂಡು ಕಾಲಿಗೆ ಬೀಳುತ್ತಿದ್ದರು. ಮುಕ್ತಾಯಕ್ಕ ಬೀಳುವುದಿಲ್ಲ. ತನ್ನ ಅಣ್ಣ ನುಡಿಯಿಲ್ಲದೆ ಬಾಳಿದ. ನೀನಾದರೋ ಇನ್ನೂ ನುಡಿಯುತ್ತಿರುವೆ. ನುಡಿಯುವವನ ಮನಸ್ಸು ಅಡಗಿದೆಯೆಂದು ನಾನು ಹೇಗೆ ನಂಬಲಿ ಎಂಬುದು ಅವಳ ವಾದದ ಸಾರ. ಅಷ್ಟಕ್ಕೇ ನಿಲ್ಲದೆ, ನುಡಿಯಲಾರೆನೆಂದು ಸಾರುವುದೂ ಒಂದು ನುಡಿಯೇ, ಮರವೆ ನೀಗಿತೆಂದು ಹೇಳಿಕೊಳ್ಳುವಲ್ಲಿಯೂ ಮರವೆ ಉಳಿದಿದೆ ಎಂಬಲ್ಲಿಯವರೆಗೆ ಹೋಗುತ್ತಾಳೆ. ಅಲ್ಲಮನ ಉತ್ತರದ ಸಾರವೂ ಸಣ್ಣದಲ್ಲ: ಬಾಯಿ ಮುಚ್ಚಿದ ಮಾತ್ರಕ್ಕೆ ಮೌನವಾಗದು, ಮಾತಿಗೆ ಅಂಟದವನು ನುಡಿದರೂ ಮೌನಿಯೇ. ವಾದ ಬೆಳೆದು ಕೊನೆಗೆ ಅವಳ ಸಂಶಯ ಕರಗುತ್ತದೆ. ಆದರೆ ಅದು ಕರಗುವುದು ಪೂರ್ತಿಯಾಗಿ ಪ್ರಶ್ನಿಸಿದ ಮೇಲೆ.

ಝೆನ್ ಗುರುಶಿಷ್ಯರ 'ಮೊಂದೋ' ಎಂಬ ಪ್ರಶ್ನೋತ್ತರಗಳ ರೀತಿಯೂ ಇದೇ. ಅಲ್ಲಿಯೂ ಗುರು ಸಮಾಧಾನ ಕೊಡುವುದಿಲ್ಲ; ಶಿಷ್ಯನು ಒರಗಿಕೊಂಡಿರುವ ಊರುಗೋಲನ್ನು ಕಸಿದುಕೊಳ್ಳುತ್ತಾನೆ. ಒರಗಲು ಏನೂ ಉಳಿಯದಾದಾಗ ತನ್ನ ಕಾಲು ತನಗೆ ನೆನಪಾಗುತ್ತದೆ. ಮುಕ್ತಾಯಕ್ಕನಿಗೆ ಅಣ್ಣನ ಮೌನವೇ ಊರುಗೋಲಾಗಿತ್ತು. ಅಣ್ಣ ಹೋದ ಮೇಲೆ ಆ ಮೌನ ಅವಳೊಳಗೆ ಇದೆಯೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ.

ಸಾಮ್ಯ ಕಂಡಾಗ ಭೇದವನ್ನು ಮರೆಯಬಾರದು. ಶರಣನಿಗೆ ಲಿಂಗವಿದೆ; ಅಂಗಲಿಂಗಗಳ ಸಾಮರಸ್ಯ ಅವನ ಗುರಿ. ಝೆನ್ ಸಾಧಕನಿಗೆ ಕೂಡಿಕೊಳ್ಳಬೇಕಾದ ದೈವವಿಲ್ಲ; 'ನಾನು' ಎಂಬ ಗಂಟನ್ನು ಬಿಚ್ಚಿ ನೋಡಿ ಅಲ್ಲಿ ಗಟ್ಟಿಯಾದ ತಿರುಳೇನೂ ಇಲ್ಲವೆಂದು ಕಾಣುವುದೇ ಅವನ ದರ್ಶನ. ಆದರೆ ಒಂದು ಮಾತಿನಲ್ಲಿ ಇಬ್ಬರೂ ಕೂಡುತ್ತಾರೆ: ಕಂಡ ಅರಿವು ದುಡಿಯುವ ಕೈಗೆ ಇಳಿಯಬೇಕು. ಚೀನದ ಬೈಝಾಂಗ್ (720-814) ಎಂಬ ಗುರು ಮುಪ್ಪಿನಲ್ಲಿಯೂ ಹೊಲದಲ್ಲಿ ಗೆಯ್ಯುತ್ತಿದ್ದನಂತೆ. ಕನಿಕರಗೊಂಡ ಶಿಷ್ಯರು ಅವನ ಸಲಕರಣೆಗಳನ್ನು ಬಚ್ಚಿಟ್ಟರು. ಆ ದಿನ ಅವನು ಉಣ್ಣಲಿಲ್ಲ. ಸಲಕರಣೆ ಹಿಂದಿರುಗಿದ ಮೇಲೆಯೇ ಊಟ. ಕಾಯಕವೆಂಬ ಶಬ್ದ ಅವನಿಗೆ ತಿಳಿದಿರಲಿಲ್ಲ, ಅರ್ಥ ತಿಳಿದಿತ್ತು.

ಮಳೆಯನ್ನೇ ನಂಬಿದ ಸೀಮೆಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. ಬೆಳ್ಳಟ್ಟಿಯ ರೈತನಿಗೆ ಮುಗಿಲು ನೋಡುತ್ತ ಕುಳಿತ ದಿನಗಳ ಕಳವಳ ಗೊತ್ತು. ಮನಸ್ಸನ್ನು ಶಾಂತಗೊಳಿಸಿಕೋ ಎಂದು ಅವನಿಗೆ ಉಪದೇಶಿಸುವುದು ಸುಲಭ. ಅದರಿಂದ ಮಳೆ ಬಾರದು, ಸಾಲವೂ ತೀರದು. ಧ್ಯಾನವನ್ನು ಅನ್ಯಾಯ ಸಹಿಸುವ ಮದ್ದಾಗಿ ಮಾರುವವರಿದ್ದರೆ ಅವರಿಂದ ದೂರವಿರುವುದೇ ಲೇಸು. ಆದರೆ ಬಾರದ ಮಳೆಯ ಕಷ್ಟ ಒಂದು, ಅದನ್ನು ರಾತ್ರಿಯಿಡೀ ಮನಸ್ಸಿನಲ್ಲಿ ನೂರು ಸಲ ಅನುಭವಿಸುವ ಕಷ್ಟ ಮತ್ತೊಂದು. ಎರಡನೆಯದನ್ನು ಎರಡನೆಯದೆಂದು ಗುರುತಿಸುವ ಶಕ್ತಿ ನಮ್ಮ ಕೈಯಲ್ಲಿದೆ. ಗುರುತಿಸಿದವನಿಗೆ ಮೊದಲನೆಯದರ ಎದುರು ನಿಲ್ಲಲು, ಕೇಳಬೇಕಾದವರನ್ನು ಕೇಳಲು ಕಸುವು ಉಳಿದಿರುತ್ತದೆ.

ಇಂದು ಈ ಸಾಧನೆ ಆಸ್ಪತ್ರೆಗಳನ್ನೂ ಹೊಕ್ಕಿದೆ. ಝೆನ್ ಅಭ್ಯಾಸವಿದ್ದ ಜಾನ್ ಕಬಾಟ್-ಝಿನ್ ಎಂಬವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಧ್ಯಾನದ ಕ್ರಮವೊಂದನ್ನು ಆರಂಭಿಸಿದರು. ಅದು ಲೋಕದ ಹಲವೆಡೆ ಹರಡಿದೆ. ಉಪಯೋಗ ನಿಜ. ಆದರೂ ತೀವ್ರವಾದ ಖಿನ್ನತೆಯಲ್ಲಿ ಇರುವವರನ್ನು ಒಂಟಿಯಾಗಿ ಕೂಡಿಸಿ ಉಸಿರೆಣಿಸಿಕೋ ಎನ್ನುವುದು ವಿವೇಕವಲ್ಲ. ಅವರಿಗೆ ವೈದ್ಯರು ಬೇಕು, ಜೊತೆಗೆ ಕುಳಿತು ಕೇಳುವ ಮನುಷ್ಯರು ಬೇಕು. ಅಲ್ಲಮನಾದರೂ ಅಳುತ್ತಿದ್ದವಳ ಮುಂದೆ ನಿಂತು ಅವಳ ಎಲ್ಲ ಪ್ರಶ್ನೆಗಳನ್ನು ಕೇಳಿಸಿಕೊಂಡನಲ್ಲವೆ?

ಮುಕ್ತಾಯಕ್ಕನ ಹೆಸರಿನಲ್ಲಿ ದೊರೆತಿರುವ ವಚನಗಳು ಮೂವತ್ತಕ್ಕೂ ಸ್ವಲ್ಪ ಹೆಚ್ಚು. ಅವುಗಳ ಅಂಕಿತ ಅಜಗಣ್ಣನ ಹೆಸರೇ. ಬಾಳಿನುದ್ದಕ್ಕೂ ಮಾತನ್ನು ಅಡಗಿಸಿಟ್ಟ ಅಣ್ಣನ ಹೆಸರು ಉಳಿದಿರುವುದು ತಂಗಿಯ ಮಾತಿನಲ್ಲಿ. ಮೌನಕ್ಕೂ ಮಾತಿಗೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ಯಾವ ಶಾಸ್ತ್ರವೂ ವಿವರಿಸಲಾರದು.