ಎದೆಗೆ ಕಾವಲು, ಹೊಟ್ಟೆಯಲ್ಲಿ ತಾಲೀಮು

ಡಿಸೆಂಬರ್ ಬಂತೆಂದರೆ ರಾಜ್ಯದ ಕನಿಷ್ಠ ಉಷ್ಣಾಂಶದ ಸುದ್ದಿಯಲ್ಲಿ ಬೀದರಿನ ಹೆಸರು ಮತ್ತೆ ಮತ್ತೆ ಕಾಣಿಸುತ್ತದೆ. ಭಾಲ್ಕಿ, ಔರಾದ ಕಡೆಯ ಬಯಲಿನಲ್ಲಿ ನಸುಕಿನ ಗಾಳಿ ಮೈ ಕೊರೆಯುತ್ತದೆ. ಮನೆಯಲ್ಲಿ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. ಥಂಡಿ, ಕಫದ ಬಗ್ಗೆ ನಮ್ಮ ಜನ ನಂಬಿರುವ ಮಾತುಗಳು ಆಗ ಹೊರಬರುತ್ತವೆ. ಹಲವು ನಿರುಪದ್ರವಿ. ಒಂದು ಮಾತ್ರ ನಿಜಕ್ಕೂ ಕೇಡು ಮಾಡುತ್ತಿದೆ: “ಎರಡು ಆಂಟಿಬಯಾಟಿಕ್ ಗುಳಿಗಿ ನುಂಗಿಬಿಡ್ರಿ, ಥಂಡಿ ಎದಿಗಿ ಇಳಿಯಲ್ಲ.”

ಮೆಡಿಕಲ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಡಾಕ್ಟರರ ಚೀಟಿ ಇಲ್ಲದೆ ಬಂದವರು “ಕೆಮ್ಮಿಗಿ ಛಲೋ ಪವರಿಂದು ಕೊಡ್ರಿ” ಅನ್ನುತ್ತಾರೆ. ಬೆನ್ನ ಮೇಲೆ ಕೆಂಪು ಗೆರೆ ಇರುವ ಪಟ್ಟಿಯಿಂದ ಕತ್ತರಿಯಲ್ಲಿ ಮೂರು ಗುಳಿಗೆ ಕತ್ತರಿಸಿ ಕೊಡುವುದೂ ಉಂಟು. ಆ ಕೆಂಪು ಗೆರೆ ಇರುವುದೇ ಚೀಟಿ ಇಲ್ಲದೆ ಇದನ್ನು ತೆಗೆದುಕೊಳ್ಳಬಾರದು ಎಂದು ತಿಳಿಸುವುದಕ್ಕೆ.

ನೆಗಡಿ, ಫ್ಲೂ ಬರುವುದು ವೈರಸ್‌ನಿಂದ. ಆಂಟಿಬಯಾಟಿಕ್ ವೈರಸ್ಸನ್ನು ಮುಟ್ಟುವುದೂ ಇಲ್ಲ. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಮೂಗಿನ ರೋಗಕ್ಕೆಂದು ನುಂಗಿದ ಗುಳಿಗೆಯ ಪೆಟ್ಟು ಕರುಳಿನಲ್ಲಿರುವ, ನಮಗೆ ಬೇಕಾದ ಬ್ಯಾಕ್ಟೀರಿಯಾದ ಮೇಲೆ ಬೀಳುತ್ತದೆ. ಇದರಿಂದ ಎದೆಗೇನು ನಷ್ಟ? 2011ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಕಿಕೊ ಇವಾಸಾಕಿ ಅವರ ತಂಡ ಇಲಿಗಳಿಗೆ ಮೊದಲು ಆಂಟಿಬಯಾಟಿಕ್ ಕೊಟ್ಟು, ಆಮೇಲೆ ಫ್ಲೂ ಸೋಂಕು ತಗುಲಿಸಿತು. ಕರುಳು ಬರಿದಾದ ಇಲಿಗಳಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಕುಗ್ಗಿತ್ತು, ಶ್ವಾಸಕೋಶದಲ್ಲಿ ವೈರಸ್ ಹೆಚ್ಚಿತ್ತು. 2016ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದಲ್ಲೂ ಇಂಥದೇ ಫಲಿತಾಂಶ ಕಂಡರು. ಎದೆಗೆ ಇಳಿಯದಿರಲಿ ಎಂದು ನುಂಗಿದ್ದು ಎದೆಯ ಕಾವಲನ್ನೇ ಸಡಿಲಗೊಳಿಸಬಹುದು ಎಂಬ ಈ ಸೂಚನೆಯನ್ನು ನಮ್ಮೂರಿನ ಪ್ರತಿ ತಾಯಿಗೂ ತಲುಪಿಸಬೇಕು ಅನ್ನುವುದು ನನ್ನ ಆಸೆ.

“ಹೊಟ್ಟಿಗೂ ಎದಿಗೂ ಏನ್ ಸಂಬಂಧ?” ಎಂದು ಕೇಳುವವರಿದ್ದಾರೆ. ಅನ್ನದ ದಾರಿ ಬೇರೆ, ಉಸಿರಿನ ದಾರಿ ಬೇರೆ ಎಂಬುದು ಸರಿ. ಆದರೆ ರಕ್ತ ಎರಡಕ್ಕೂ ಒಂದೇ. ವಯಸ್ಕರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಅಂದಾಜು, ಬಹುಪಾಲು ದೊಡ್ಡ ಕರುಳಿನಲ್ಲಿ. ಅವುಗಳ ಕವಚದ ಚೂರುಗಳು ರಕ್ತಕ್ಕೆ ಸೇರಿ ಅಸ್ಥಿಮಜ್ಜೆಯವರೆಗೆ ಹೋಗುತ್ತವೆ. ಅಲ್ಲಿ ಹುಟ್ಟುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಆ ಚೂರುಗಳ ಪರಿಚಯದಿಂದಲೇ ನ್ಯುಮೊಕಾಕಸನ್ನು ಕೊಲ್ಲುವಷ್ಟು ಚುರುಕಾಗುತ್ತವೆ ಎಂದು 2010ರ ಅಧ್ಯಯನವೊಂದು ಇಲಿಗಳಲ್ಲಿ ತೋರಿಸಿತು. ಗರಡಿಯಲ್ಲಿ ದಿನಾ ತಾಲೀಮು ಮಾಡಿದ ಪೈಲ್ವಾನ ಕುಸ್ತಿಯ ದಿನ ಗೆಲ್ಲುವ ಹಾಗೆ, ಸೋಂಕು ಬರುವ ಮೊದಲೇ ಕಾವಲುಪಡೆಯ ಅಭ್ಯಾಸ ಕರುಳಿನಲ್ಲಿ ನಡೆದಿರುತ್ತದೆ.

ಇನ್ನೊಂದು ದಾರಿ ನಾರಿನದು. ಜೋಳದ ಹೊಟ್ಟು, ಬೇಳೆಯ ಸಿಪ್ಪೆ, ಸೊಪ್ಪಿನ ನಾರು ನಮಗೆ ಅರಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಬ್ಯುಟಿರೇಟ್, ಅಸಿಟೇಟ್‌ನಂಥ ಸಣ್ಣ ಆಮ್ಲಗಳನ್ನು ಮಾಡುತ್ತವೆ. ಹೆಚ್ಚು ನಾರು ತಿಂದ ಇಲಿಗಳು ಫ್ಲೂವನ್ನು ಚೆನ್ನಾಗಿ ತಾಳಿಕೊಂಡವು ಎಂದು 2018ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ವರದಿ ಬಂತು. ವೈರಸ್ ವಿರುದ್ಧದ ಹೋರಾಟ ಬಲವಾಯಿತು. ಅತಿಯಾದ ಉರಿಯೂತದಿಂದ ಶ್ವಾಸಕೋಶಕ್ಕೆ ಆಗುವ ಹಾನಿಯೂ ತಗ್ಗಿತು. ಇವೆಲ್ಲ ಇಲಿಗಳಲ್ಲಿ ಸಿಕ್ಕ ಫಲಿತಾಂಶಗಳು. ಮನುಷ್ಯರಿಗೆ ಅಳತೆ ಹಾಕಿ ಅನ್ವಯಿಸುವಷ್ಟು ಪುರಾವೆ ಇನ್ನೂ ಬಂದಿಲ್ಲ.

ನಾರಿನ ಮಾತು ಬಂದಾಗ ಎಳ್ಳ ಅಮಾವಾಸ್ಯೆಯ ಹೊಲದೂಟ ನೆನಪಾಗದೆ ಇರದು. ಹಸಿ ಕಡಲೆ, ತೊಗರಿ, ಅವರೆ, ಬಟಾಣಿ, ಬದನೆ, ಮೆಂತ್ಯ ಸೊಪ್ಪು ಎಲ್ಲ ಒಟ್ಟಿಗೆ ಬೇಯುವ ಭಜ್ಜಿ. ಜೊತೆಗೆ ಸಜ್ಜೆ ರೊಟ್ಟಿ. ಬೇಯಿಸಿದ ಜೋಳಕ್ಕೆ ಹುಳಿ ಮಜ್ಜಿಗೆ, ಬೆಳ್ಳುಳ್ಳಿ ಬೆರೆಸಿ ಮಣ್ಣಿನ ಗಡಿಗೆಯಲ್ಲಿಟ್ಟ ಅಂಬಲಿ. ಕರುಳಿನ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಬಗೆಬಗೆಯ ಊಟ ಹುಡುಕುವುದು ಕಷ್ಟ. ವರ್ಷಕ್ಕೊಮ್ಮೆ ಹೊಲದಲ್ಲಿ ಕೂತು ಉಂಡು, ಉಳಿದ ದಿನ ಬಿಳಿ ಅನ್ನ, ಬಿಸ್ಕಿಟ್ಟು, ಕುರ್ಕುರೆಯಲ್ಲಿ ಕಳೆದರೆ ಮಾತ್ರ ಉಪಯೋಗವಿಲ್ಲ.

“ರಾತ್ರಿ ಮಸರ್ ಉಣಬ್ಯಾಡ್ರಿ, ಕಫ ಆಗ್ತದ” ಎಂಬುದು ಇನ್ನೊಂದು ನಂಬಿಕೆ. ಹಾಲಿಗೂ ಇದೇ ಮಾತು. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 60 ಸ್ವಯಂಸೇವಕರಿಗೆ ನೆಗಡಿಯ ವೈರಸ್ ತಗುಲಿಸಿ, ಅವರು ಕುಡಿದ ಹಾಲನ್ನೂ ಸುರಿಸಿದ ಸಿಂಬಳವನ್ನೂ ಅಳೆದರು. ಎರಡಕ್ಕೂ ಸಂಬಂಧ ಕಾಣಲಿಲ್ಲ. ಮೊಸರು ಒಗ್ಗುವವರು ಉಣ್ಣಲಿ. ಆದರೆ ಮೊಸರಿನ ಬ್ಯಾಕ್ಟೀರಿಯಾ ಹೆಚ್ಚಾಗಿ ಕರುಳನ್ನು ಹಾದುಹೋಗುತ್ತವೆ, ಅಲ್ಲೇ ಮನೆ ಮಾಡುವುದಿಲ್ಲ. ಆಂಟಿಬಯಾಟಿಕ್ ಜೊತೆ ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ, ಕ್ಯಾಪ್ಸೂಲ್ ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಖಾತ್ರಿಯ ಮಾತಲ್ಲ. 2018ರ ಇಸ್ರೇಲಿ ಅಧ್ಯಯನದಲ್ಲಿ ಅಂಥ ಕ್ಯಾಪ್ಸೂಲ್ ಸೇವಿಸಿದವರ ಕರುಳಿನ ಸ್ವಂತ ಬ್ಯಾಕ್ಟೀರಿಯಾ ಮರಳಿ ಬರುವುದು ತಡವಾಗಿತ್ತು.

ಹಾಗೆಂದು ಪ್ರೊಬಯಾಟಿಕ್ಕೆಲ್ಲ ಸುಳ್ಳಲ್ಲ. ಒಡಿಶಾದ ಹಳ್ಳಿಗಳಲ್ಲಿ ಡಾ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳ ಮೇಲೆ ನಡೆಸಿ, 2017ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಹೆಮ್ಮೆ ತರುವಂಥದ್ದು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನೂ ಅದರ ಆಹಾರವನ್ನೂ 7 ದಿನ ಕೊಟ್ಟರು. ರಕ್ತದ ನಂಜು ಅಥವಾ ಸಾವು ಕಂಡ ಶಿಶುಗಳ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು, ಶ್ವಾಸಕೋಶದ ಸೋಂಕೂ ಕಡಿಮೆಯಾಯಿತು. ಆದರೆ ಅದು ಒಂದೇ ತಳಿ, ನವಜಾತ ಶಿಶುಗಳು, ವೈದ್ಯರ ನಿಗಾ. ಅಂಗಡಿಯ ಡಬ್ಬಿಯ ಮೇಲೆ ‘ಇಮ್ಯುನಿಟಿ’ ಎಂದು ಬರೆದಿದ್ದಕ್ಕೆ ಈ ಪ್ರಯೋಗ ಸಾಕ್ಷಿಯಾಗದು.

ಇಷ್ಟು ಓದಿ ಯಾರೂ ಆಂಟಿಬಯಾಟಿಕ್ಕನ್ನೇ ದೂರ ಮಾಡಬಾರದು. ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೆ ಜೀವ ಉಳಿಸುವುದು ಅದೇ. ಕ್ಷಯದ ಔಷಧಿಯನ್ನಂತೂ ಹೊಟ್ಟೆ ಕೆಡುತ್ತದೆ ಎಂದು ಒಂದು ದಿನವೂ ತಾವಾಗಿಯೇ ಬಿಡಬಾರದು. ತೊಂದರೆಯಾದರೆ ವೈದ್ಯರಿಗೆ ಹೇಳಬೇಕು. ಕೂಸಿಗೆ ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಸರ್ಕಾರ ಉಚಿತವಾಗಿ ಕೊಡುವ ನ್ಯುಮೊಕಾಕಸ್ ಲಸಿಕೆಯ ಕೆಲಸವನ್ನು ಯಾವ ಅಂಬಲಿಯೂ ಮಾಡುವುದಿಲ್ಲ.

ಮಗುವಿಗೆ ಕೆಮ್ಮು ಇದ್ದರೆ ಅಂಗಿ ಎತ್ತಿ, ಅದು ಅಳದೆ ಇರುವಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚು ಬಂದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದುಕೊಂಡರೆ, ಮೆಡಿಕಲ್ ಅಂಗಡಿಗೆ ಹೋಗಬೇಡಿ. ಭಾಲ್ಕಿ, ಔರಾದದವರು ತಾಲೂಕು ಆಸ್ಪತ್ರೆಗೆ, ಬೀದರಿನವರು ಬ್ರಿಮ್ಸ್ ಆಸ್ಪತ್ರೆಗೆ ಆಗಲೇ ಹೊರಡಿ.